ಅಯ್ಯನವರು ಸುತ್ತಿದ ಪ್ರದಕ್ಷಿಣೆ

ಕೊರಟಗೆರೆ ಪೇಟೆಯಲ್ಲಿ ಜವಳಿ ಅಂಗಡಿ ಶಂಕರಲಿಂಗಪ್ಪನ ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಎರಡೇ ಬೀದಿ. ಆ ಎರಡು ಬೀದಿಗೂ ಅವನಿಗೆ ಕಮಾನುಗಾಡಿ ಬೇಕು. ನಲವತ್ತೆಂಟಕ್ಕೇ ಮನೆಯ ಮೂರು ಮೆಟ್ಟಿಲು ಹತ್ತಿ, ಕಂಬ ಹಿಡಿದು ಏದುಸಿರು ಬಿಡುತ್ತಿದ್ದ.

ಆ ಏದುಸಿರು ಕೇಳಿದಾಗಲೆಲ್ಲ ಹೆಂಡತಿ ಶಿವರುದ್ರಮ್ಮನಿಗೆ ಒಲೆಯ ಮುಂದೆ ಕೈ ನಿಂತುಬಿಡುತ್ತಿತ್ತು. ಮಗಳ ಹೆರಿಗೆ ಸುಸೂತ್ರವಾದರೆ ಗಂಡ ಹೆಂಡಿರಿಬ್ಬರೂ ಸಿದ್ಧರಬೆಟ್ಟ ಹತ್ತಿ ಗುಹೆಯ ಶಿವನಿಗೆ ಬಿಲ್ವಪತ್ರೆ ಏರಿಸುತ್ತೇವೆಂದು ಹರಸಿಕೊಂಡಿದ್ದಳು. ಕೂಸಿಗೆ ಹಲ್ಲು ಬಂದರೂ ಹರಕೆ ಹಾಗೇ ಉಳಿದಿತ್ತು.

ಆಸ್ಪತ್ರೆಯ ಡಾಕ್ಟರು ವೆಂಕಟರಾಮಯ್ಯನವರು ಎದೆಗೆ ಕೊಳವೆಯಿಟ್ಟು ಕೇಳಿ ಹೇಳಿದ್ದರು: “ಸಾವ್ಕಾರ್ರೇ, ಗುಂಡಿಗೆ ಕೆಟ್ಟಿಲ್ಲ, ಕೆಲಸವಿಲ್ಲದೆ ಸೋತಿದೆ. ತೋಳು ತೊಡೆಯ ಹಾಗೆ ಅದೂ ಮಾಂಸಖಂಡವೇ. ದುಡಿಸಿದರೆ ಗಟ್ಟಿಯಾಗುತ್ತೆ. ದಿನಾ ನಡೀರಿ. ಮೊದಲು ಸ್ವಲ್ಪ, ಬರ್ತಾ ಬರ್ತಾ ಅರ್ಧ ಗಂಟೆ.”

“ಬೀದೀಲಿ ಸುಮ್‌ಸುಮ್ನೆ ನಡೆದ್ರೆ, ಎತ್ತು ಸತ್ತೋಯ್ತಾ ಅಂತ ಕೇಳ್ತಾರೆ ಕಣೇ ಜನ!” ಅಂದ ಶಂಕರಲಿಂಗಪ್ಪ, ಮನೆಗೆ ಬಂದು ಹೆಂಡತಿಯ ಹತ್ತಿರ.

“ಹಂಗಾದ್ರೆ ಈಶ್ವರನ ಗುಡಿ ಸುತ್ತಿ. ಅದಕ್ಕೂ ನಾಚಿಕೆಯಾ?”

ಒಪ್ಪಿದ. ದಿನಾ ಬೆಳಿಗ್ಗೆ ವಿಭೂತಿ ಧರಿಸಿ ಹೊರಡುತ್ತಿದ್ದ, ಗಾಡಿಯಲ್ಲಿ! ಹೋಗಲಿ, ಸುತ್ತುತ್ತಾರಲ್ಲ ಎಂದು ಶಿವರುದ್ರಮ್ಮ ಹಲ್ಲು ಕಚ್ಚಿಕೊಂಡಳು. ತಿಂಗಳು ಕಳೆಯಿತು. ಏದುಸಿರು ಎಳ್ಳಷ್ಟೂ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಅವಳೇ ಗುಡಿಗೆ ಹೋದಳು. ಗಂಡ ಅರಳಿಕಟ್ಟೆಯ ಮೇಲೆ ಶಲ್ಯ ಹಾಸಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ. ಗುಡಿಯ ಸುತ್ತ ಬಿರಬಿರನೆ ನಡೆಯುತ್ತಿದ್ದವರು ಪೂಜೆಯ ಮಹಾಲಿಂಗಯ್ಯ, ಅರವತ್ತು ದಾಟಿದವರು.

“ಹದಿನೆಂಟು!” ಎಂದು ಎಣಿಸಿದ ಗಂಡ, ಹೆಂಡತಿಯನ್ನು ಕಂಡು ಅಡಿಕೆ ನುಂಗಿದ.

“ಇದೇನ್ರೀ ಇದು?”

“ನನ್ನ ಹೆಸರಲ್ಲಿ ಅಯ್ನೋರು ದಿನಾ ಇಪ್ಪತ್ತೊಂದು ಸುತ್ತು ಸುತ್ತುತಾವ್ರೆ ಕಣೇ. ಅರ್ಚನೆ ಅವರು ಮಾಡಿದ್ರೂ ನಮಗೇ ಸೇರಲ್ವಾ? ಇದೂ ಅಂಗೇಯ.”

ಶಿವರುದ್ರಮ್ಮ ಹಣೆ ಚಚ್ಚಿಕೊಂಡಳು. “ಪುಣ್ಯ ಸೇರ್ಬೋದು. ಉಸಿರು?” ಎಂದವಳೇ ತಿರುಗಿ, “ಅಯ್ನೋರೆ, ಮಧ್ಯಾಹ್ನ ನಮ್ಮನೇಲೇ ಪ್ರಸಾದ” ಎಂದು ಕರೆದು ಹೋದಳು.

ಮಧ್ಯಾಹ್ನ ಮಣೆ ಎರಡು, ಎಲೆ ಒಂದೇ. ಎಲೆ ಅಯ್ಯನವರ ಮುಂದಿತ್ತು. ಬಿಸಿ ಮುದ್ದೆ, ಅವರೆಕಾಳಿನ ಸಾರು, ತುಪ್ಪ ಬಿತ್ತು. ಶಂಕರಲಿಂಗಪ್ಪ ಕಾದ, ಕೆಮ್ಮಿದ, ಕೊನೆಗೆ ಕೇಳಿದ: “ನಂಗೆ?”

“ಆಯ್ತಲ್ರೀ! ನಿಮ್ಮ ಹೆಸರಲ್ಲಿ ಅಯ್ನೋರು ಉಣ್ತಾವ್ರೆ. ಅಯ್ನೋರೆ, ಇನ್ನೊಂದು ಮುದ್ದೆ ಹಾಕ್ಲಾ? ನಮ್ಮ ಯಜಮಾನ್ರಿಗೆ ಹಸಿವು ಜಾಸ್ತಿ.”

ಮಹಾಲಿಂಗಯ್ಯನವರಿಗೆ ನಗು ತಡೆಯಲಿಲ್ಲ. “ಶಂಕರಲಿಂಗಪ್ಪ, ನಿಜ ಹೇಳ್ಬುಡ್ತೀನಿ. ಬೆಟ್ಟ ಹತ್ತುವಾಗ ನಾನೂ ನಾಲ್ಕು ಕಡೆ ಕೂರ್ತಿದ್ದೆ. ನಿನ್ನ ಸುತ್ತು ಸುತ್ತಿದ ಮೇಲೆ, ಮೊನ್ನೆ ಒಂದೇ ಕಡೆ ಕೂತೆ. ಪುಣ್ಯ ಯಾರಿಗೆ ಹೋಯ್ತೋ ಶಿವನಿಗೇ ಗೊತ್ತು. ಗಟ್ಟಿಯಾಗಿದ್ದು ನನ್ನ ಗುಂಡಿಗೆ.”

ಶಂಕರಲಿಂಗಪ್ಪನೂ ನಗಲು ಹೋದ. ಹೆಂಡತಿಯ ಕಣ್ಣು ತುಂಬಿತ್ತು.

“ನಗ್ಬೇಡಿ. ನಾಳೆ ಈ ಎದೆ ನಿಂತೋದ್ರೆ, ನಿಮ್ಮ ಹೆಸರಲ್ಲಿ ಯಾರ್ರೀ ಬದುಕ್ತಾರೆ ನಂಗೆ?”

ಶಂಕರಲಿಂಗಪ್ಪ ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿಸಲಿಲ್ಲ.

ಮೊದಲ ದಿನ ಮೂರೇ ಸುತ್ತು, ಮುಂದಿನ ವಾರ ಐದು. ಮಾತಾಡಿಕೊಂಡು ನಡೆಯುವಷ್ಟೇ ವೇಗ. ಗೊಣಗಾಟ ಮಾತ್ರ ಮೊದಲ ದಿನದಿಂದಲೇ ಇಪ್ಪತ್ತೊಂದು ಸುತ್ತಿನಷ್ಟಿತ್ತು. ಏಳನೆಯ ತಿಂಗಳು, ಡಾಕ್ಟರು ಎದೆ ನೋಡಿ ಒಪ್ಪಿದ ಮೇಲೆ, ಸಿದ್ಧರಬೆಟ್ಟದಲ್ಲಿ ನಾಲ್ಕು ಕಡೆ ಕೂತು ಐದನೆಯ ಏರಿಗೆ ಗುಹೆ ಮುಟ್ಟಿ, ತನ್ನ ಕೈಯಿಂದಲೇ ಪತ್ರೆ ಏರಿಸಿದ. ಶಿವರುದ್ರಮ್ಮ ಕಣ್ಣು ಮುಚ್ಚಿ ಅವನ ಉಸಿರನ್ನೇ ಕೇಳುತ್ತಾ ನಿಂತಳು. ಅದು ನಿಧಾನವಾಗಿ ಇಳಿಯಿತು, ಸಮವಾಯಿತು.

ಅಮ್ಮಂದಿರೇ, ಅಪ್ಪಂದಿರೇ, ನಲವತ್ತು ದಾಟಿತೇ? ಮೊದಲು ಡಾಕ್ಟರಿಗೆ ಎದೆ ತೋರಿಸಿ. ಆಮೇಲೆ ದಿನವೂ ನಡೆಯಿರಿ, ಸ್ವಲ್ಪದಿಂದ ಶುರುಮಾಡಿ. ನಡೆಯುವಾಗ ಎದೆ ನೋವು ಬಂದರೆ, ಕಣ್ಣು ಕತ್ತಲೆಯಾದರೆ ಅಲ್ಲೇ ನಿಂತು ತಡಮಾಡದೆ ಆಸ್ಪತ್ರೆ ಸೇರಿ. ನಿಮ್ಮ ಪರವಾಗಿ ಹೂವು ಏರಿಸುವವರಿದ್ದಾರೆ. ನಡೆಯುವುದಕ್ಕೆ ನೀವೇ ಆಗಬೇಕು. ಶಿವ ಕೊಟ್ಟ ಕಾಲು ಎರಡಿವೆ. ನಾಳೆ ಗುಡಿಗೆ ಅವುಗಳ ಮೇಲೆಯೇ ಹೋಗಿಬನ್ನಿ.