ಇಪ್ಪತ್ತಮೂರನೆಯ ಯಂತ್ರ

ವರ್ನಾ ಕೊಮೊ ಕೊಟ್ಟ ಪಟ್ಟಿಯಲ್ಲಿ ಇಂಟರ್ನೆಟ್ ತಂತಿಗೆ ಜೋಡಿಸಿದ್ದ ಯಂತ್ರ ಇದ್ದದ್ದು ಇಪ್ಪತ್ತೆರಡು. ಬರ್ನಡೆಟ್‌ಳ ಪರದೆ ಮಾತ್ರ ಇಪ್ಪತ್ತಮೂರು ಎನ್ನುತ್ತಿತ್ತು.

ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಗಳನ್ನು ಪ್ಯಾಕ್ ಮಾಡುವ ಕಡಲತೀರದ ಕಾರ್ಖಾನೆಯೊಂದರ ಕಚೇರಿಯನ್ನು ವರ್ನಾ ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಹಿಂದಿನ ತಿಂಗಳು ಕೊಲ್ಲಿಯ ಆಚೆ ದಡದ ಕಾರ್ಖಾನೆಯೊಂದರ ಕಂಪ್ಯೂಟರುಗಳಿಗೆಲ್ಲ ಯಾರೋ ಕಣ್ಣಿಗೆ ಕಾಣದ ಕಳ್ಳರು ಬೀಗ ಹಾಕಿ, ಬಿಡಿಸಲು ಹಣ ಕೇಳಿದ್ದರು. ಮೂರು ವಾರ ಅಲ್ಲಿ ಒಂದು ಪೆಟ್ಟಿಗೆಯೂ ಹೊರಬೀಳಲಿಲ್ಲ. ಅದನ್ನು ಕೇಳಿ ಹೆದರಿದ ವರ್ನಾಳ ಮಾಲೀಕರು ಹ್ಯಾಲಿಫ್ಯಾಕ್ಸ್‌ನಿಂದ ಬರ್ನಡೆಟ್ ಮೆಕೈಸಾಕ್ ಎಂಬ ತಂತ್ರಜ್ಞೆಯನ್ನು ಕರೆಸಿದ್ದರು.

"ಕಾಫಿ ಯಂತ್ರ ಇರಬಹುದಾ?" ಎಂದಳು ವರ್ನಾ.

"ನಿಮ್ಮ ಕಾಫಿ ಯಂತ್ರಕ್ಕೆ ಕಾಫಿ ಮಾಡೋದೇ ಕಷ್ಟ. ಇಂಟರ್ನೆಟ್ ಎಲ್ಲಿಂದ ಬರಬೇಕು?" ಎಂದು ಬರ್ನಡೆಟ್ ನಕ್ಕಳು. "ಒಂದು ಕೆಲಸ ಮಾಡಿ. ಪ್ರತಿ ಕಟ್ಟಡಕ್ಕೂ ಹೋಗಿ ತಂತಿ ಕೀಳ್ತಾ ಬನ್ನಿ. ಇದು ಯಾವಾಗ ಮಾಯ ಆಗುತ್ತೋ ನಾನು ಫೋನಲ್ಲಿ ಹೇಳ್ತೀನಿ."

ಎರಡು ಗಂಟೆ ಬಿಡುವಿಲ್ಲದ ಕೆಲಸ ಬಾಕಿಯಿದ್ದರೂ ವರ್ನಾಳಿಗೆ ಕುತೂಹಲ ತಡೆಯಲಾಗಲಿಲ್ಲ. ಬೂಟು ಹಾಕಿಕೊಂಡು ಹೊರಟಳು. ಶೈತ್ಯಾಗಾರದಲ್ಲಿ ಕಿತ್ತಳು. "ಇನ್ನೂ ಇದೆ." ಲೇಬಲ್ ಕೋಣೆಯಲ್ಲಿ ಕಿತ್ತಳು. "ಇದೆ." ಐಸ್ ಮನೆಯಲ್ಲಿ ಕಿತ್ತು, ಅಲ್ಲಿದ್ದವರಿಂದ ಬೈಸಿಕೊಂಡಳು. "ಇದೆ." ಕೊನೆಗೆ ಉಳಿದದ್ದು ದೋಣಿಕಟ್ಟೆಯ ತುದಿಯ ತೂಕದ ಗುಡಿಸಲು. ಅಲ್ಲಿ ತಂತಿ ಎಳೆದಳೋ ಇಲ್ಲವೋ, ಫೋನಿನಲ್ಲಿ ಬರ್ನಡೆಟ್, "ಹೋಯ್ತು," ಎಂದಳು.

ತೂಕ ಹಾಕುವ ಲಿಯಾಂಡರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅದನ್ನ ಕೀಳಬಾರದಿತ್ತು ಮಾರಾಯ್ತಿ. ಓಡೀಲ್ ನೋಡ್ತಿರ್ತಾಳೆ."

ಓಡೀಲ್ ಅವನ ಅಕ್ಕ. ಇದೇ ಕಾರ್ಖಾನೆಯ ಪ್ಯಾಕಿಂಗ್ ಮೇಜಿನ ಮುಂದೆ ಮೂವತ್ತು ವರ್ಷ ನಿಂತು ದುಡಿದವಳು, ಈಗ ಯಾರ್ಮತ್‌ನ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು. ಗುಡಿಸಲಿನ ಎದುರಿನ ಕಂಬದ ಮೇಲೆ ಮೀನುಗಿಡುಗ ಗೂಡು ಕಟ್ಟಿತ್ತು. ಅಕ್ಕ ಮಲಗಿದಲ್ಲೇ ಪರದೆಯ ಮೇಲೆ ಅದನ್ನು ನೋಡಲಿ ಎಂದು ಲಿಯಾಂಡರ್ ಹಳೆಯ ಕ್ಯಾಮೆರಾ ಒಂದನ್ನು ಸೂರಿನಡಿ ಸಿಕ್ಕಿಸಿ, ಕಚೇರಿಯ ತಂತಿಗೇ ಜೋಡಿಸಿಬಿಟ್ಟಿದ್ದ. ಕ್ಯಾಮೆರಾ ಕಂಪನಿ ಇಟ್ಟುಕೊಟ್ಟ ಪಾಸ್‌ವರ್ಡನ್ನೂ ಬದಲಾಯಿಸಿರಲಿಲ್ಲ.

"ಯಾರಿಗೂ ಹೇಳಲಿಲ್ಲವಲ್ಲ ನೀನು," ಎಂದಳು ವರ್ನಾ.

"ಹೇಳಿದ್ದರೆ ನೀನು ಬೇಡ ಅಂತಿದ್ದೆ."

ಅದು ನಿಜವೇ. ವರ್ನಾ ಕ್ಯಾಮೆರಾ ಬಿಚ್ಚಿಸಿಕೊಂಡು ಕಚೇರಿಗೆ ಬಂದಳು.

ಬರ್ನಡೆಟ್ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇದರ ಪಾಸ್‌ವರ್ಡ್ ಪ್ರಪಂಚಕ್ಕೆಲ್ಲ ಗೊತ್ತು. ನೀವು ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೂ, ಹಿತ್ತಲ ಬಾಗಿಲು ಇದು."

"ಆದರೆ ನಾವೇ ಯಾಕೆ? ಮೀನು ಯಾರಿಗೆ ಬೇಕು?" ಎಂದಳು ವರ್ನಾ.

"ನೀವು ಮೀನಿನವರು ಅಂತ ಅವರಿಗೆ ಗೊತ್ತೇ ಇರೋದಿಲ್ಲ. ಊರೂರಿನ ಬಾಗಿಲು ಒಂದೊಂದಾಗಿ ತಳ್ಳಿ ನೋಡ್ತಾರೆ, ತೆರೆದದ್ದಕ್ಕೆ ನುಗ್ತಾರೆ." ಅವಳು ಲ್ಯಾಪ್‌ಟಾಪ್ ಕಡೆ ತಿರುಗಿದಳು. "ಲೇಬಲ್ ಕಂಪ್ಯೂಟರಿನಲ್ಲಿ ನಿಮ್ಮದಲ್ಲದ ಕಡತವೊಂದು ಕೂತಿದೆ. ಇನ್ನೂ ಕೆಲಸ ಶುರು ಮಾಡಿಲ್ಲ. ಅವರು ಒಳಗೆ ಬಂದದ್ದು ಯಾವತ್ತು ಅನ್ನೋದೇ ತಿಳೀತಿಲ್ಲ. ಗೊತ್ತಾದರೆ, ಅದಕ್ಕಿಂತ ಹಿಂದೆ ಕಂಪ್ಯೂಟರುಗಳಿಂದ ತೆಗೆದಿಟ್ಟ ಪ್ರತಿ ತಂದು ಹಾಕಬಹುದು. ಕ್ಯಾಮೆರಾ ಏನನ್ನೂ ನೆನಪಿಟ್ಟುಕೊಂಡಿಲ್ಲ."

ಕ್ಯಾಮೆರಾ ನಿಂತಿದೆ ಎಂದು ತಿಳಿಸಲು ವರ್ನಾ ಓಡೀಲ್‌ಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದ ದನಿ ತೆಳ್ಳಗಿದ್ದರೂ ಚುರುಕಾಗಿತ್ತು.

"ನಿಲ್ಲಿಸಿದ್ದೇ ಒಳ್ಳೇದಾಯ್ತು ಕಣೇ. ಅದಕ್ಕೆ ಏನೋ ಬಡಿದುಕೊಂಡಿತ್ತು. ತಾನಾಗಿ ತಿರುಗೋದು. ಗೂಡು ಬಿಟ್ಟು ರಸ್ತೆ ನೋಡೋದು, ಕಚೇರಿ ಕಿಟಕಿ ನೋಡೋದು. ತಮ್ಮ ನನಗೆ ಕಾರ್ಖಾನೆ ತೋರಿಸ್ತಿದ್ದಾನೆ ಅಂದುಕೊಂಡೆ."

ವರ್ನಾ ಕಿಟಕಿಯ ಕಡೆ ತಿರುಗಿದಳು. ಯಾರೋ ಆ ಕಿಟಕಿಯಲ್ಲಿ ತನ್ನನ್ನೂ ನೋಡಿದ್ದರು.

"ಯಾವತ್ತಿಂದ, ಓಡೀಲ್? ನೆನಪಿದೆಯಾ?"

"ನೆನಪ್ಯಾಕೆ, ಬರೆದಿಟ್ಟಿದ್ದೀನಿ. ಹಕ್ಕಿ ಎದ್ದದ್ದು, ಕೂತದ್ದು, ಎಲ್ಲ ಪುಸ್ತಕದಲ್ಲಿದೆ." ಹಾಳೆ ಮಗುಚುವ ಸದ್ದು ಕೇಳಿಸಿತು. "ಇಲ್ಲಿದೆ. ಮೇ ಆರು, ಮಂಗಳವಾರ. ಗಂಡು ಹಕ್ಕಿ ಮೀನು ತಂತು. ಎರಡೂವರೆಗೆ ಕ್ಯಾಮೆರಾ ಬಲಕ್ಕೆ ತಿರುಗಿತು, ಮೊದಲ ಸಲ. ಗೂಡು ಕಾಣಲಿಲ್ಲ. ಬೇಜಾರಾಯ್ತು."

ಬರ್ನಡೆಟ್ ಪೆನ್ನು ಕೈಗೆತ್ತಿಕೊಂಡು, ಮತ್ತೊಮ್ಮೆ ಹೇಳಿಸಿ, ಅಲ್ಲಿಂದೀಚಿನ ಒಂಬತ್ತು ದಿನದ ಸಮಯಗಳನ್ನೆಲ್ಲ ಬರೆದುಕೊಂಡಳು. ಮಂಗಳವಾರಕ್ಕೆ ಹಿಂದಿನ ಪ್ರತಿಯಲ್ಲಿ ಆ ಕಡತ ಇರಲಿಲ್ಲ. ಸಂಜೆಯೊಳಗೆ ಎಲ್ಲ ಕಂಪ್ಯೂಟರುಗಳನ್ನೂ ಒರೆಸಿ, ಹಳೆಯದನ್ನು ತುಂಬಿ, ಪಾಸ್‌ವರ್ಡುಗಳನ್ನು ಬದಲಾಯಿಸಿದ್ದಾಯಿತು.

ಮಾಲೀಕರು ಕ್ಯಾಮೆರಾ ಬೇಡವೇ ಬೇಡ ಎಂದರು. ವರ್ನಾ ಬಿಡಲಿಲ್ಲ. "ನಮ್ಮಲ್ಲಿ ಕಾವಲು ಕಾದವಳು ಓಡೀಲ್ ಒಬ್ಬಳೇ," ಎಂದಳು. ಹಳೆಯದಕ್ಕೆ ತಯಾರಿಸಿದವರು ಸುರಕ್ಷತೆಯ ತಿದ್ದುಪಡಿ ಕಳಿಸುವುದನ್ನೇ ನಿಲ್ಲಿಸಿದ್ದರು. ಅದನ್ನು ಎಸೆದು ಹೊಸದನ್ನು ತರಿಸಿದರು. ಕಚೇರಿಯ ತಂತಿಗೆ ತಾಗದಂತೆ ಬರ್ನಡೆಟ್ ಅದಕ್ಕೆ ಬೇರೆಯೇ ದಾರಿ ಮಾಡಿಕೊಟ್ಟಳು. ಆ ದಾರಿಯಲ್ಲಿ ಕಳ್ಳರು ನುಗ್ಗಿದರೂ ಅವರಿಗೆ ಹಕ್ಕಿ ಮಾತ್ರ ಸಿಗುತ್ತಿತ್ತು. ವರ್ನಾ ತನ್ನ ಪಟ್ಟಿಯ ಕೆಳಗೆ ಇಪ್ಪತ್ತಮೂರು ಎಂದು ಬರೆದು, ಎದುರಿಗೆ ಓಡೀಲ್‌ಳ ಹೆಸರು ಬರೆದಳು.

"ಅದು ಮುಖ ತಿರುಗಿಸಿದರೆ ಯಾರಿಗೆ ಹೇಳಲಿ?" ಎಂದು ಓಡೀಲ್ ಕೇಳಿದ್ದಳು. ವರ್ನಾ ತನ್ನ ನಂಬರು ಕೊಟ್ಟಳು.

ಮರುದಿನ ಮಧ್ಯಾಹ್ನವೇ ಫೋನ್ ಬಂತು.

"ಕ್ಯಾಮೆರಾ ಅಲ್ಲಾಡಿಲ್ಲ, ಗೂಡೂ ಸರಿಯಾಗಿದೆ," ಎಂದಳು ಓಡೀಲ್. "ಆದರೆ ನನ್ನ ತಮ್ಮ ತೂಕದ ಗುಡಿಸಲು ಹಾಗೇ ತೆರೆದಿಟ್ಟು ಊಟಕ್ಕೆ ಹೋದ. ಕಂಬದ ಕೆಳಗೆ ದಾಟಿದ್ದು ಕಂಡೆ, ಬಾಗಿಲು ಹಾಕಿದ ಸದ್ದು ಮಾತ್ರ ಕೇಳಲಿಲ್ಲ. ಹೋಗಿ ಸ್ವಲ್ಪ ಬಾಗಿಲು ಹಾಕ್ತೀಯಾ?"