ಖಿರಣಿಯ ಸೀಮಂತ

"ಜೆಲ್ಲಿ, ಸಕ್ಕರೆ, ಮದ್ದು ಸೇರಿ ಬಾಟಲಿಗೆ ಇಪ್ಪತ್ತೆರಡು ರೂಪಾಯಿ. ಮೇಲಿಂದ ಹಗಲೂ ರಾತ್ರಿ ಎಸಿ. ಅದೇ ಜಾಗದಲ್ಲಿ ಬಾಳೆ ಇಟ್ಟರೆ ಒಂದು ಬಾಟಲಿಯಲ್ಲೇ ಹತ್ತಾರು ಸಸಿ, ಸಸಿಗೆ ಹದಿನೈದು ಬರ್ತದೆ. ನಿನ್ನ ಖಿರಣಿ ಇಷ್ಟು ದಿನ ಎಂಥ ಕೊಟ್ಟಿತು, ವಿನೋದಾ?" ದಯಾನಂದ ಶೆಟ್ಟರು ಬಾಗಿಲಲ್ಲೇ ನಿಂತು ಕೇಳಿದರು.

ವಿನೋದಾ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಜೆಲ್ಲಿಯೊಳಗೆ ಕೂದಲೆಳೆಯಂಥ ಬಿಳಿ ಬೇರು ಇಳಿದಿತ್ತು.

ಶೆಟ್ಟರು ಕನ್ನಡಕ ತೆಗೆದು ನೋಡಿದರು. "ಆಯ್ತು. ದೀಪಾವಳಿವರೆಗೆ ಇಟ್ಟುಕೋ. ಆಮೇಲೆ ಮಣ್ಣಿಗೆ ಹೋಗಬೇಕು."

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಗಾಳಾ ಎನ್ನುವ ಒಂದು ಶೆಡ್ಡಿನಲ್ಲಿ ಶೆಟ್ಟರು ಬಾಳೆಯ ಸಸಿಗಳನ್ನು ಬಾಟಲಿಯಲ್ಲಿ ಬೆಳೆಸಿ ಮಾರುತ್ತಿದ್ದರು. ಖಿರಣಿ ಮಾತ್ರ ವಿನೋದಾಳ ಹಟ. ಟಿಟ್ವಾಳಾದಲ್ಲಿ ಅವಳ ಬಿಲ್ಡಿಂಗಿನ ಹಿಂದೆ ಒಂದು ಮುದಿ ಖಿರಣಿ ಮರವಿತ್ತು, ಸಣ್ಣ ಹಳದಿ ಹಣ್ಣು ಬಿಡುವಂಥದ್ದು. ಸುತ್ತಲ ಹಳ್ಳಿಗಳಲ್ಲಿ ಉಳಿದ ಕೊನೆಯದು. ರಸ್ತೆಗೆಂದು ಅದನ್ನು ಕಡಿದ ದಿನ ಚಿಗುರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತಲೆಯ ಮೇಲೆತ್ತಿ ಹಿಡಿದು ತಂದಿದ್ದಳು. ಹೆಚ್ಚಿನವು ಕಪ್ಪಾಗಿ ಸತ್ತವು. ಒಂದೂವರೆ ವರ್ಷ ಕಾದ ಮೇಲೆ ಉಳಿದದ್ದು ಒಂದೇ ಟ್ರೇ.

ಬಾಟಲಿ ತೊಳೆಯುವ ಮರಗಮ್ಮನೂ ಬಂದು ಬೇರು ನೋಡಿದಳು. ರಾಯಚೂರು ಕಡೆಯವಳು, ಕಳವಾ ಸ್ಟೇಷನ್ನಿನಿಂದ ದಿನಾ ರೈಲಿನಲ್ಲಿ ಬರುವವಳು.

"ಈ ಹಣ್ಣು ತಿಂದ್ರ ಹಾಲು ತುಟಿಗೆ ಅಂಟತಿತ್ರಿ. ಈಗ ನಮ್ಮ ಕಡೇನೂ ಕಾಣಂಗಿಲ್ಲ. ಇದು ಬಸುರಿ ಆದಂಗ ಆತಲ್ರಿ, ಅಕ್ಕಾರ?"

ವಿನೋದಾ ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು. "ಹೌದು ಮಾರಾಯ್ರೆ, ಇನ್ನು ಸೀಮಂತ ಒಂದು ಬಾಕಿ."

ಶೀಗಿ ಹುಣ್ಣಿಮೆಗೆ ವಿನೋದಾ ರಜೆಯಲ್ಲಿದ್ದಳು. ರಜೆ ಮುಗಿಸಿ ಬಂದು ನೋಡಿದರೆ ಟ್ರೇಯ ಪ್ರತಿ ಬಾಟಲಿಯಲ್ಲೂ ಬೂದುಬಣ್ಣದ ಬೂಷ್ಟು ಹತ್ತಿಯಂತೆ ಉಬ್ಬಿತ್ತು. ಅದರ ನಡುವೆ ಒಂದೊಂದು ಅನ್ನದ ಅಗಳು.

ಅವಳ ಕೂಗಿಗೆ ಶೆಟ್ಟರು ಓಡಿ ಬಂದರು. ಮರಗಮ್ಮ ಏನನ್ನೂ ಮುಚ್ಚಿಡಲಿಲ್ಲ.

"ಚರಗ ಚೆಲ್ಲೀನ್ರಿ. ಹುಣ್ಣಿಮಿಗೆ ಬಸುರಿ ಬೆಳಿಗೆ ಉಣಿಸಬೇಕಲ್ರಿ. ಹೊಲ ಅಂತೂ ಇಲ್ಲ, ಇದಕ್ಕರ ಉಣಿಸೂಣು ಅಂತ ಒಂದೊಂದು ಅಗಳು ಇಟ್ಟೀನಿ."

"ಮುಚ್ಚಳ ತೆಗೀಬಾರದೂಂತ ಎಷ್ಟು ಸಲ ಹೇಳಿದ್ದೇನೆ!" ವಿನೋದಾ ಒಂದು ಬಾಟಲಿ ಎತ್ತಿ ಅವಳ ಮುಂದೆ ಹಿಡಿದಳು.

"ಹೊಲಸು ಕೈಲೆ ತಗೀಬ್ಯಾಡ ಅಂದಿದ್ರಿ. ನಾ ತಲಿ ಮ್ಯಾಲ ನೀರು ಹಾಕ್ಕೊಂಡು ಮಡೀಲೆ ಬಂದಿದ್ನಿರಿ."

"ಯಾರು ಹೇಳಿದ್ದು ನಿನಗೆ ಈ ಖಾಲಿಪೀಲಿ ಪೂಜೆ ಮಾಡ್ಲಿಕ್ಕೆ?" ಶೆಟ್ಟರು ಗದರಿದರು.

ಮರಗಮ್ಮ ವಿನೋದಾಳ ಕಡೆ ತಿರುಗಿದಳು. "ಅಕ್ಕಾರೇ ಅಂದಿದ್ರಲ್ರಿ, ಸೀಮಂತ ಬಾಕಿ ಐತಿ ಅಂತ."

ಇಬ್ಬರೂ ವಿನೋದಾಳ ಮುಖ ನೋಡಿದರು.

"ಅದು ನಾನು ತಮಾಷೆಗೆ ಹೇಳಿದ್ದು," ಎಂದಳು ವಿನೋದಾ. ಸುಳ್ಳೇನೂ ಅಲ್ಲ. ಆದರೆ ತಪ್ಪು ತನ್ನದೂ ಇದೆ ಎಂಬ ಇನ್ನೊಂದು ಮಾತು ಸೇರಿಸಬೇಕಿತ್ತು. ಅದರ ಬದಲು ಟ್ರೇಯತ್ತ ಬಾಗಿದಳು.

"ನಾಳೆಯಿಂದ ಬರೋದು ಬೇಡ," ಶೆಟ್ಟರು ಮರಗಮ್ಮನಿಗೆ ಹೇಳಿ ಹೊರಟರು.

ಮರಗಮ್ಮ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ಅಕ್ಕಾರ, ಅದು ಉಳೀತೈತಿಲ್ರಿ?" ಎಂದಷ್ಟೇ ಕೇಳಿದಳು. ವಿನೋದಾ ಟ್ರೇಯಿಂದ ಕಣ್ಣೆತ್ತಲಿಲ್ಲ.

ಅಂದೇ ಅವಳು ಚಿಗುರುಗಳನ್ನು ಬಿಡಿಸಿ, ಕ್ಲೋರಿನ್ ನೀರಿನಲ್ಲಿ ತೊಳೆದು ಹೊಸ ಜೆಲ್ಲಿಗೆ ನೆಟ್ಟಳು. ಕೆಲವು ಆ ಕ್ಲೋರಿನ್ನಿಗೇ ಬಾಡಿದವು. ಉಳಿದವನ್ನು ಬೂಷ್ಟು ಬುಡದಿಂದಲೇ ಏರಿ ನುಂಗಿತು.

ಬೂಷ್ಟು ಹಿಡಿದ ಬಾಟಲಿಗಳನ್ನು ಹಾಗೇ ತೆರೆದರೆ ಬಾಳೆಗೂ ಕೇಡು. ಎಲ್ಲವನ್ನೂ ದೊಡ್ಡ ಕುಕ್ಕರಿನಲ್ಲಿಟ್ಟು ಆವಿಯಲ್ಲಿ ಬೇಯಿಸಿದಳು. ಮುಚ್ಚಳ ತೆರೆದಾಗ ಎಲೆ, ಬೇರು, ಬೂಷ್ಟು ಎಲ್ಲ ಒಂದೇ ಬಣ್ಣದ ಗಂಜಿಯಾಗಿತ್ತು. ಬಕೆಟ್ಟಿಗೆ ಸುರಿದಳು. ತೊಳೆಯಲು ಹೊಸಬರು ಇನ್ನೂ ಸಿಕ್ಕಿರಲಿಲ್ಲ. ತಾನೇ ಬ್ರಷ್ ಹಿಡಿದು ಕೂತಳು.

ಖಿರಣಿ ಹೋಯಿತು. ಮರಗಮ್ಮ ಹೋದಳು. ಬಾಟಲಿಗಳು ಒಂದೂ ಒಡೆಯದೆ ಉಳಿದವು.