ಗಾಳಿಬೋರೆಯ ತುತ್ತೂರಿ ಗಿಡ

ನಾನು ಒಂದು ಗುಡ್ಡದ ಗಿಡ. ಎಲೆ ಹೊಗೆಸೊಪ್ಪಿನ ಎಲೆಯ ಹಾಗಿದೆ ಎಂದು ಜನ ಕಾಡುಹೊಗೆಸೊಪ್ಪು ಎನ್ನುತ್ತಾರೆ. ನಮ್ಮ ವಂಶದಲ್ಲಿ ಗಂಟೆಯಂಥ ನೀಲಿ ಹೂ ಬಿಡುವ ಚೆಲುವೆಯರಿದ್ದಾರಂತೆ. ಗುಡ್ಡ ನೋಡಲು ಬಂದ ಮೇಷ್ಟ್ರೊಬ್ಬರು ಹುಡುಗರಿಗೆ ಹೇಳುತ್ತಿದ್ದರು. ನನ್ನ ಹೂ ಹಾಗಿಲ್ಲ. ಬೆಳ್ಳಗೆ, ಹರಿದ ಲಂಗದ ಅಂಚಿನ ಹಾಗೆ ಸೀಳಿಕೊಂಡಿರುತ್ತದೆ. ಮುರಿದರೆ ಹಾಲು ಬರುತ್ತದೆ, ಅದು ಬಾಯಿ ಸುಡುತ್ತದೆ. ಹಾಗಾಗಿ ದನಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು. ಇಷ್ಟು ವರ್ಷ ನಾನು ಬದುಕಿದ್ದಕ್ಕೆ ಅದೇ ಕಾರಣ, ಬೇರೆ ಪುಣ್ಯವೇನಿಲ್ಲ.

ಹುಟ್ಟಿದ್ದು ಗಾಳಿಬೋರೆ ಎಂಬ ಹುಲ್ಲುಗುಡ್ಡದಲ್ಲಿ, ಒಂದು ಬಂಡೆಯ ಪಕ್ಕ. ನಮ್ಮ ಬೀಜ ಧೂಳಿನಷ್ಟು ಸಣ್ಣದು. ಗಾಳಿ ಎಲ್ಲಿ ಬೀಳಿಸಿತೋ ಅದೇ ಊರು. ಮೊದಮೊದಲು ಬರೀ ಎಲೆ ಬಿಟ್ಟುಕೊಂಡು ನೆಲಕ್ಕೆ ಅಂಟಿಕೊಂಡಿದ್ದೆ. ಆಮೇಲೆ ಕಾಂಡ ಎದ್ದು ಆಳೆತ್ತರ ದಾಟಿತು. ಚಳಿಗೆ ಹೂ, ಬೇಸಿಗೆಗೆ ಒಣಕಾಯಿ. ಅಷ್ಟಕ್ಕೆ ಕಾಂಡ ಸಾಯುತ್ತದೆ. ಬೇರು ಉಳಿದು, ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ನಾನು ಎಂದರೆ ಆ ಬೇರು.

ನನ್ನ ಸತ್ತ ಕಾಂಡವನ್ನು ಹುಡುಕಿಕೊಂಡು ಬರುತ್ತಿದ್ದವಳು ದ್ಯಾವಮ್ಮ. ನನಗೆ ಮೊದಲು ಕಾಣುತ್ತಿದ್ದದ್ದು ಅವಳ ಒಡೆದ ಹಿಮ್ಮಡಿ, ಆಮೇಲೆ ಸೊಂಟದ ಕತ್ತಿ. ಗುಡ್ಡದ ಮೇಲೆ ಅವಳ ಮನೆ, ಹಟ್ಟಿ ತುಂಬ ದನ. ಮಗ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದ; ದನ ಅವಳ ಪಾಲಿಗೆ. ಮಳೆಗಾಲದಲ್ಲಿ ಇಲ್ಲಿ ಮಂಜು ಇಳಿದರೆ ತನ್ನ ಕೈ ತನಗೆ ಕಾಣುವುದಿಲ್ಲ. ಆಗ ಅವಳು ಟೊಳ್ಳಾದ ನನ್ನ ಒಣ ಕಾಂಡವನ್ನು ತುತ್ತೂರಿ ಮಾಡಿ ಊದುತ್ತಿದ್ದಳು. ಕರು ಅಂಬಾ ಎಂದಂಥ ದಪ್ಪ ದನಿ. ಆ ದನಿಯ ದಾರಿ ಹಿಡಿದು ದನ ಹಟ್ಟಿ ಸೇರುತ್ತಿದ್ದವು.

ಮಗನಿಗೆ ಬಯಲುಸೀಮೆಯಿಂದ ಹೆಣ್ಣು ತಂದರು. ಹೆಸರು ಚಂದ್ರಿ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳೊಬ್ಬಳೇ ಕತ್ತಿ ಹಿಡಿದು ಬಂದಳು. ಆ ವರ್ಷ ಈ ಇಳಿಜಾರಿನಲ್ಲಿ ಕಾಂಡ ಎತ್ತಿದ್ದು ನಾನೊಂದೇ, ತುಂಬು ಹೂವಿನಲ್ಲಿದ್ದೆ. ಹೂವಿನ ಸಮೇತ ಕಡಿದು, ಹಾಲು ಸುರಿಯುವ ಕಾಂಡವನ್ನು ಅಲ್ಲೇ ಬಾಯಿಗಿಟ್ಟು ಊದಿದಳು. ಸದ್ದು ಬರಲಿಲ್ಲ. ತುಟಿ ಮಾತ್ರ ಬಾತು ಜೋತುಬಿತ್ತು. ಹುಡುಕಿಕೊಂಡು ಬಂದ ದ್ಯಾವಮ್ಮ ಸೊಸೆಯ ಮುಖ ನೋಡಿದಳು.

"ಅಟ್ಟದ ಮೇಲಿದ್ದ ಹಳೇ ತುತ್ತೂರಿ ಎಲ್ಲಿ?"

"ಒಲೆ ಊದಕ್ಕೆ ತಗೊಂಡೆ ಅತ್ತೆ. ಊದುಗೊಳವೆ ಅನ್ಕೊಂಡೆ. ಹತ್ಕೊಂಡ್ಬಿಡ್ತು."

"ನಿಮ್ಮೂರಲ್ಲಿ ಒಲೆಗೆ ಗಿಡದ ಕಡ್ಡೀಲಿ ಊದ್ತಾರಾ?"

"ಇಲ್ಲ, ಕಬ್ಬಿಣದ್ದಿರುತ್ತೆ."

"ಮತ್ತೆ?"

"ನೀವು ಬಡವ್ರು ಅನ್ಕೊಂಡೆ."

ದ್ಯಾವಮ್ಮ ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆಯ್ತು ಬಿಡು. ಈ ಮಳೆಗಾಲಕ್ಕೆ ನಿನ್ನ ಬಾಯೇ ತುತ್ತೂರಿ ಕಣೇ."

ಮಳೆಗಾಲದಲ್ಲಿ ನಗು ಉಳಿಯಲಿಲ್ಲ. ಇಬ್ಬರೂ ಗಂಟಲು ಹರಿದುಕೊಂಡು ಕೂಗಿದರು. ಗಾಳಿ ಆ ಕೂಗನ್ನು ಎತ್ತೆತ್ತಲೋ ಒಯ್ಯಿತು. ಕೆಂದಿ ಎಂಬ ಹಸು ಬರಲೇ ಇಲ್ಲ. ಮಂಜು ಸರಿದಾಗ ಕಡಿದಾದ ಬಂಡೆಯ ಬುಡದಲ್ಲಿ ಸತ್ತು ಬಿದ್ದಿತ್ತು. ದ್ಯಾವಮ್ಮ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಚಂದ್ರಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತೇನೋ.

ಮುಂದಿನ ಬೇಸಿಗೆಗೆ ದ್ಯಾವಮ್ಮ ಅವಳನ್ನು ಕರೆತಂದಳು. ನಾನು ಒಣಗಿ ಕಂದಾಗಿದ್ದೆ. "ಮೂಗಿಗೆ ಸೆರಗು ಕಟ್ಟು, ಇದರ ಧೂಳು ಸೀನಿಸಿ ಸಾಯಿಸುತ್ತೆ" ಎಂದಳು. ಕಡಿಯುವ ಮೊದಲು ಕಾಂಡವನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ ಬೀಜ ಉದುರಿಸಿದಳು. "ಮೊದಲು ಗುಡ್ಡದ ಪಾಲು, ಆಮೇಲೆ ನಮ್ದು."

ಅಲ್ಲಿಂದ ಮುಂದೆ ಚಂದ್ರಿಯೇ ಊದಿದಳು. ನಾನು ಕಂಡ ಒಳ್ಳೆಯ ಕಾಲ ಅದು. ಸಂಜೆಯ ಮಂಜಿನಲ್ಲಿ ಎಲ್ಲಿಂದಲೋ ಕೊರಳಗಂಟೆ, ಆಮೇಲೆ ನೆಲದಲ್ಲಿ ಗೊರಸಿನ ನಡುಕ, ಆಮೇಲೆ ನನ್ನ ಎಲೆಯ ಮೇಲೆ ಬಿಸಿ ಉಸಿರು. ಕೊನೆಯ ದನ ಹೋದ ಮೇಲೂ ಸಗಣಿಯ ಬಿಸಿ ಸ್ವಲ್ಪ ಹೊತ್ತು ಇರುತ್ತಿತ್ತು.

ಒಂದು ವರ್ಷ ಗುಡ್ಡದಲ್ಲಿ ದನ ಮೇಯಿಸಬಾರದೆಂದು ಆದೇಶ ಬಂತು. ದನ ಮಾರಿದರು, ಮನೆಯ ಹೆಂಚು ಇಳಿಸಿಕೊಂಡು ಕೆಳಗಿನ ಕಾಲೋನಿಗೆ ಹೋದರು. ಹುಲ್ಲು ನನ್ನ ಎಲೆ ಮುಚ್ಚುವಷ್ಟು ಬೆಳೆಯಿತು. ಜೀಪಿನಲ್ಲಿ ಬಂದವರು ಎಷ್ಟು ಚೆನ್ನಾಗಿದೆ ಎಂದು ಫೋಟೋ ತೆಗೆದರು. ಚೆನ್ನಾಗಿಯೇ ಇತ್ತು. ನಾನು ಮಾತ್ರ ಸಂಜೆಯಾದರೆ ಗೊರಸಿಗೆ ಕಾಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಚಂದ್ರಿ ಮತ್ತೆ ಬಂದಳು. ತಲೆ ನರೆತಿತ್ತು, ಸೊಂಟದಲ್ಲಿ ಅತ್ತೆಯ ಕತ್ತಿ. ಕಾಡಿನ ಕಾವಲುಗಾರ ಲೋಕಪ್ಪ ಹಿಂದೆಯೇ ಬಂದ.

"ಏನೂ ಕಡಿಯೋ ಹಾಗಿಲ್ಲ ಕಣಮ್ಮ."

"ನಮ್ಮತ್ತೆಗೆ ಬೇಕಿತ್ತು. ಅವರಿಗೆ ಈಗ ಏನೂ ನೆನಪಿಲ್ಲ. ಸಂಜೆ ಆದ್ರೆ ಹೊಸ್ತಿಲಲ್ಲಿ ಕೂತ್ಕೊಂಡು ಕೆಂದಿ ಬಂತಾ, ಕೆಂದಿ ಬಂತಾ ಅಂತಾರೆ. ಬಂತು ಅಂದ್ರೆ ನಂಬಲ್ಲ. ತುತ್ತೂರಿ ಕೇಳ್ಲಿಲ್ಲ ಅಂತಾರೆ. ಒಳಗೆ ಬರಲ್ಲ, ಉಣ್ಣಲ್ಲ."

ಲೋಕಪ್ಪ ಬೇರೆ ಕಡೆ ತಿರುಗಿದ. "ನಾನೇನೂ ನೋಡಿಲ್ಲ. ಬೇಗ ಕಡ್ಕೊಂಡು ಹೋಗು."

ಅವಳು ನನ್ನ ಕಾಂಡ ಮುಟ್ಟಿ ನೋಡಿದಳು. ತುದಿಯವರೆಗೂ ಹೂ. "ಇನ್ನೂ ಹಸಿ. ಒಂದು ಸಲ ಹಸೀದು ಕಡಿದು ಕಂಡಿದೀನಿ" ಎಂದು ಹೋದಳು.

ಬೇಸಿಗೆಯಲ್ಲಿ ಬಂದು, ಮೂಗಿಗೆ ಸೆರಗು ಕಟ್ಟಿ, ಬೀಜ ಉದುರಿಸಿ ಕಡಿದಳು. ಅಂದೇ ಸಂಜೆ ಕೆಳಗಿನಿಂದ ನನ್ನ ದನಿ ಬಂತು. ಸ್ವಲ್ಪ ಹೊತ್ತಿಗೆ ನಿಂತಿತು. ಮುದುಕಿ ಎದ್ದು ಒಳಗೆ ಹೋಗಿರಬೇಕು. ಆಮೇಲೆ ದಿನವೂ ಸಂಜೆ ಕೇಳುತ್ತಿತ್ತು. ಕಾಂಡ ಸೀಳಿದರೆ ಮುಂದಿನ ಬೇಸಿಗೆಗೆ ಹೊಸದು ಒಯ್ಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ಸದ್ದು ನಿಂತಿತು. ಬೇಸಿಗೆಗೆ ಚಂದ್ರಿ ಬಂದಳು. ಕಾಂಡವನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ ಬೀಜ ಉದುರಿಸಿದಳು. ಕತ್ತಿ ಸೊಂಟದಲ್ಲೇ ಇತ್ತು.

"ಈ ಸಲ ಬೇಡ್ವಾ?" ಎಂದು ಲೋಕಪ್ಪ ಕೇಳಿದ.

"ಬೇಡ. ದನ ಎಲ್ಲಾ ಬಂದ್ವು" ಎಂದಳು.

ಆ ಕಾಂಡ ನಿಂತಲ್ಲೇ ಉಳಿದು ಮೊದಲ ಮಳೆಗೆ ಮುರಿದು ಬಿತ್ತು. ನನಗೂ ವಯಸ್ಸಾಯಿತು, ಚಿಗುರು ಈಗ ಮೊದಲಿನಷ್ಟು ದಪ್ಪ ಬರುವುದಿಲ್ಲ. ಸುತ್ತ ಗುಡ್ಡದ ಪಾಲಿನ ಬೀಜಗಳೆಲ್ಲ ಗಿಡಗಳಾಗಿವೆ. ಅವುಗಳಲ್ಲಿ ಎಳೆಯವು ದನ ಕಂಡಿಲ್ಲ, ದನ ಕರೆಯುವ ತುತ್ತೂರಿ ಕೇಳಿಲ್ಲ. ಆದರೂ ಕಾಂಡವನ್ನು ಟೊಳ್ಳಾಗಿಯೇ ಬೆಳೆಸುತ್ತಿವೆ.